ಕೆಟ್ಟದ್ದೇನೂ ಇಲ್ಲ ಅನ್ನಬೇಡಿ

ಸಹಾರಾ ಮರುಭೂಮಿಯ ದೂಳು ಹೊತ್ತ ಹರ್ಮಟಾನ್ ಗಾಳಿ ಬೀಸತೊಡಗಿತೆಂದರೆ ಘಾನಾದ ಕುಮಾಸಿಯಲ್ಲಿ ಸೂರ್ಯನಿಗೂ ನಿದ್ದೆಗಣ್ಣು. ಹೊತ್ತು ನೆತ್ತಿಗೇರಿದರೂ ಆತ ಬೆಳ್ಳಗೆ, ಚಂದ್ರನ ಹಾಗೆ, ದೂಳಿನ ಪರದೆಯ ಹಿಂದೆ ತೂಕಡಿಸುತ್ತಿರುತ್ತಾನೆ. ಎದುರಿನ ಮಾವಿನ ಮರ ಕಾಣುತ್ತದೆ, ಅದರಾಚೆಯ ಚರ್ಚು ಕಾಣುವುದಿಲ್ಲ. ಅದರ ಗಂಟೆಯ ಸದ್ದು ಮಾತ್ರ ಎಲ್ಲಿಂದಲೋ ತೇಲಿ ಬರುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಮನೆಮನೆಯಲ್ಲೂ ಮೈಗೆ ಹಚ್ಚುವ ಶಿಯಾ ಕಾಯಿಯ ಬೆಣ್ಣೆಯ ಡಬ್ಬಿ ಹೊರಗೆ ಬರುತ್ತದೆ. ಅದರ ಬೆನ್ನಿಗೇ ಕೆಮ್ಮು. ಯಾರ ಮನೆಗೆ ಮೊದಲು, ಯಾರ ಮನೆಗೆ ಆಮೇಲೆ ಅನ್ನುವುದಷ್ಟೇ ಪ್ರಶ್ನೆ.

ಬೇರೆಯವರಿಗೆ ಅದು ಬರೀ ಕೆಮ್ಮು. ಕೊನಾಡುವಿಗೆ ಹಾಗಲ್ಲ. ಅವಳ ಮಗಳು ಪೊಕುವಾಗೆ ಎಂಟು ವರ್ಷ, ಹುಟ್ಟಿನಿಂದಲೇ ಸಿಕಲ್ ಸೆಲ್ ಕಾಯಿಲೆ. ಎಲ್ಲರ ರಕ್ತದ ಕಣಗಳು ದುಂಡಗೆ ಉರುಳಿಕೊಂಡು ಹೋದರೆ ಅವಳವು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಮೂಳೆ ಮೂಳೆಯೂ ನೋಯುತ್ತದೆ. ಸೋಂಕು, ಜ್ವರ, ಚಳಿ, ಮೈಯಲ್ಲಿ ನೀರು ಕಡಿಮೆಯಾಗುವುದು, ಯಾವುದು ಬಂದರೂ ನೋವು ಜೊತೆಗೇ ಬರುತ್ತದೆ.

ಕುಡುಗೋಲು ಎಂದರೆ ಮಗು ಹೆದರೀತೆಂದು ಆಸ್ಪತ್ರೆಯ ನರ್ಸು, "ನಿನ್ನ ಮೈಯೊಳಗೆ ಪುಟ್ಟ ಪುಟ್ಟ ಬಿದಿಗೆ ಚಂದ್ರ ಇದಾವೆ ಕಣೇ" ಎಂದಿದ್ದಳು. ಪೊಕುವಾ ಅದನ್ನು ನಂಬಿಯೇಬಿಟ್ಟಳು. ನೋವಿಲ್ಲದ ದಿನ ಅಜ್ಜಿಯ ತೊಡೆಯ ಮೇಲೆ ಮಲಗಿ, "ಚಂದ್ರ ಎಲ್ಲಾ ಮಲ್ಗಿದಾವೆ ಅಜ್ಜಿ, ಮೆಲ್ಲಗೆ ಮಾತಾಡು" ಅನ್ನುತ್ತಿದ್ದಳು. ಅಜ್ಜಿ ಬಿರಾಗೊ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದಳು.

ಹೋದ ವರ್ಷದ ಹರ್ಮಟಾನಿನಲ್ಲಿ ಚಂದ್ರಗಳು ಎದ್ದುಬಿಟ್ಟಿದ್ದವು. ಕೊನಾಡು ಆಫೀಸಿನಿಂದ ಕೆಮ್ಮು ಹೊತ್ತು ತಂದಳು. ಅವಳಿಗೆ ಅದು ಬಂದ ಹಾಗೆಯೇ ಹೋಯಿತು. ಮಗಳಿಗೆ ಮಾತ್ರ ಎದೆಗಿಳಿದು, ಮೂಗಿಗೆ ನಳಿಗೆ ಹಾಕಿ ಮಲಗಿಸಿದರು. ಬಿಡುಗಡೆಯಾದ ದಿನ ಡಾಕ್ಟರು ಒಂದೇ ಮಾತು ಹೇಳಿ ಕಳಿಸಿದ್ದರು: "ಮುಂದಿನ ಹರ್ಮಟಾನಿಗೆ ಹೊರಗಿನ ಸೋಂಕು ಇವಳ ಹತ್ರ ಸುಳೀಬಾರ್ದು. ಇನ್ನೊಂದು ಸಲ ಇಂಥದ್ದಾದ್ರೆ ತಡ್ಕೊಳ್ತಾಳೋ ಇಲ್ವೋ ನಾನು ಹೇಳಲಾರೆ."

ಆ ಮುಂದಿನ ಹರ್ಮಟಾನ್ ಈಗ ಬಂದಿತ್ತು.

ಕೊನಾಡುವಿನ ಕೆಲಸ ಒಂದು ಬಸ್ ಕಂಪನಿಯಲ್ಲಿ. ಬಸ್ಸಿನಲ್ಲಿ ಸಾಮಾನು ಕಳೆದುಕೊಂಡವರು ಫೋನ್ ಮಾಡಿದರೆ ವಿವರ ಕೇಳಿ ಕಂಪ್ಯೂಟರಿನಲ್ಲಿ ಬರೆದು, ಡಿಪೋದವರಿಗೆ ತಿಳಿಸಿ ಹುಡುಕಿಸುವುದು. ಒಬ್ಬರದು ಗೆಣಸಿನ ಚೀಲ, ಇನ್ನೊಬ್ಬರದು ಮದುವೆಗೆಂದು ನೇಯಿಸಿದ ಕೆಂಟೆ ಬಟ್ಟೆ. ಒಬ್ಬ ಪುಣ್ಯಾತ್ಮ ಕಹಳೆಯನ್ನೇ ಬಿಟ್ಟು ಇಳಿದಿದ್ದ. ದಿನವಿಡೀ ಕಳೆದುಕೊಂಡವರ ದನಿಯನ್ನೇ ಕೇಳಿ ಕೇಳಿ ಕೊನಾಡುವಿಗೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ತೆರೆದೇ ಕನಸು ಬೀಳುತ್ತಿತ್ತು. ಮಂಜಿನಂಥ ದೂಳಿನಲ್ಲಿ ಚೀಲಗಳು, ಬುಟ್ಟಿಗಳು, ಒಂದೊಂದೇ ಚಪ್ಪಲಿಗಳು ಒಡೆಯರನ್ನು ಹುಡುಕಿಕೊಂಡು ತಾವೇ ನಡೆದು ಬರುತ್ತಿರುವ ಹಾಗೆ.

ಫೋನಿನವರೆಲ್ಲ ಕೂರುವುದು ಕಿಟಕಿ ಮುಚ್ಚಿದ ಒಂದೇ ಕೋಣೆಯಲ್ಲಿ. ಬೆಳಗಿನ ಪಾಳಿಯವರು ತೆಗೆದಿಟ್ಟ ಹೆಡ್‌ಫೋನನ್ನೇ ಮಧ್ಯಾಹ್ನದವರು ತಲೆಗೆ ಹಾಕಿಕೊಳ್ಳಬೇಕು. ಬಾಯಿಯ ಮುಂದೆ ಬರುವ ಮೈಕು ಇನ್ನೂ ಬೆಚ್ಚಗಿರುತ್ತಿತ್ತು. ಈ ಸಲ ಹರ್ಮಟಾನ್ ಶುರುವಾಗುತ್ತಿದ್ದಂತೆ ಆ ಕೋಣೆಯಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚಾಯಿತು.

ಕೊನಾಡು ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಮನೆಗೆ ಬಂದವಳೇ ಹಿತ್ತಲಲ್ಲಿ ಬಟ್ಟೆ ಬದಲಿಸಿ, ಸೋಪು ಹಚ್ಚಿ ಮೈ ಉಜ್ಜಿಕೊಳ್ಳುವಳು. ಮಾಸ್ಕು ತೆಗೆಯಳು. ಊಟ ಅಡುಗೆಮನೆಯಲ್ಲಿ, ಮಲಗುವುದೂ ಅಲ್ಲೇ. ಮಗಳನ್ನು ಬಾಗಿಲಾಚೆಯಿಂದ ನೋಡಿ ಕೈ ಬೀಸುವಳು. ಪೊಕುವಾ ಮೊದಮೊದಲು ಕೈ ಬೀಸಿದಳು. ಆಮೇಲಾಮೇಲೆ ಗೋಡೆಯ ಕಡೆ ತಿರುಗಿ ಮಲಗತೊಡಗಿದಳು. ಗಂಡ ತಕೊರಾಡಿ ಬಂದರಿನಲ್ಲಿ ಲಾರಿ ಓಡಿಸುವವನು. ಫೋನಿನಲ್ಲಿ, "ಕೆಲಸ ಬಿಟ್ಬಿಡ್ತೀಯಾ?" ಎಂದ. ಬಿಟ್ಟರೆ ಮಗುವಿನ ಔಷಧಿಗೆ ಏನು ಮಾಡುವುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಪಕ್ಕದ ಮನೆಯ ಚುಮಾಸಿ ಒಂದು ಕಾಲಕ್ಕೆ ಮರದ ಕಂಪನಿಯೊಂದರ ಆಫೀಸಿನಲ್ಲಿ ನೌಕರರ ರಜೆ, ಅರ್ಜಿ ನೋಡಿಕೊಳ್ಳುತ್ತಿದ್ದವರು. ಈಗ ಬೇವಿನ ಮರದಡಿ ಹಲಗೆ ಹಾಕಿಕೊಂಡು ಡಾಮೆ ಆಡುವುದೊಂದೇ ಉದ್ಯೋಗ. ಎದುರಾಳಿ ಸಿಗದಿದ್ದರೆ ಎರಡೂ ಕಡೆಯ ಕಾಯಿಯನ್ನು ತಾವೇ ನಡೆಸಿ, ಸೋತ ಕಡೆಯವನನ್ನು ಬೈದುಕೊಳ್ಳುವರು. ಒಂದು ಭಾನುವಾರ ಬೇಲಿಯಾಚೆಯಿಂದ ಕೂಗಿದರು.

"ಏನಮ್ಮಾ ಕೊನಾಡು, ಸ್ವಂತ ಮನೇಲೇ ಕಳ್ಳಿ ಹಾಗೆ ಹಿತ್ತಲಿಂದ ನುಸೀತೀಯಲ್ಲಾ?"

ಕೊನಾಡು ಎಲ್ಲವನ್ನೂ ಹೇಳಿಕೊಂಡಳು.

"ನಿಂದು ಫೋನಿನ ಕೆಲಸ ತಾನೇ? ಫೋನಿಗೇನು, ಆಫೀಸಾದ್ರೇನು ಮನೆಯಾದ್ರೇನು? ಹರ್ಮಟಾನ್ ಮುಗಿಯೋವರ್ಗೂ ಮನೆಯಿಂದ್ಲೇ ಮಾಡ್ತೀನಿ ಅಂತ ಕೇಳು."

ಬೀನ್ಸ್ ಕಾಳು ಆರಿಸುತ್ತಿದ್ದ ಬಿರಾಗೊ ಅಜ್ಜಿ ತಟ್ಟೆಯನ್ನು ದಡಕ್ಕನೆ ಇಟ್ಟಳು. "ನಿಮ್ಗೆ ಮಾಡೋಕೆ ಕೆಲ್ಸ ಇಲ್ಲ ಅಂತ ನನ್ ಮಗಳ ಕೆಲ್ಸನೂ ಕಳೀತೀರಾ ಚುಮಾಸಿ? ಕುರ್ಚಿ ಖಾಲಿ ಇದ್ರೆ ಇನ್ನೊಬ್ಳು ಬಂದು ಕೂತ್ಕೋತಾಳೆ."

"ಖಾಲಿ ಬಿಡು ಅಂದ್ನಾ ನಾನು? ಕುರ್ಚೀನ ಮನೆಗೆ ತಗೊಂಡ್ ಬಾ ಅಂದೆ."

"ಕೇಳೋದು ಅಂದ್ರೆ ಕಾರಣ ಹೇಳ್ಬೇಕು. ಕಾರಣ ಅಂದ್ರೆ ರೋಗದ ಹೆಸರು. ನಾಳೆ ಊರೆಲ್ಲ, ಬಿರಾಗೊ ಮನೆತನದ ರಕ್ತಾನೇ ಸರಿ ಇಲ್ಲ ಅಂತಾರೆ. ಈ ಹುಡುಗಿ ದೊಡ್ಡೋಳಾಗೋದು ಬೇಡ್ವಾ? ಇವಳ್ಗೂ ಒಂದು ಮದುವೆ ಗಿದುವೆ ಬೇಡ್ವಾ?"

"ಮೊದ್ಲು ದೊಡ್ಡೋಳಾಗ್ಲಿ ಬಿರಾಗೊ," ಎಂದರು ಚುಮಾಸಿ, ತಮಾಷೆ ಬಿಟ್ಟು. "ಊರಿಗೆ ಸಾರು ಅಂತ ಯಾರು ಹೇಳಿದ್ರು? ಮ್ಯಾನೇಜರಿಗೆ ಒಬ್ರಿಗೇ ಹೇಳ್ಲಿ. ನಿಮ್ಮಲ್ಲೇ ಇಟ್ಕೊಳ್ಳಿ ಅಂತ ಬಾಯಿಬಿಟ್ಟು ಕೇಳ್ಲಿ."

ಅಜ್ಜಿ ತಟ್ಟೆ ಎತ್ತಿಕೊಂಡು ಬೀನ್ಸಿನಲ್ಲಿ ಇಲ್ಲದ ಕಲ್ಲನ್ನು ಹುಡುಕುತ್ತ ಕೂತಳು.

ಮರುದಿನ ಕೊನಾಡು ಧೈರ್ಯ ಮಾಡಿ ಮ್ಯಾನೇಜರ್ ಲಾರ್ಟೆಯವರ ಬಾಗಿಲು ತಟ್ಟಿದಳು. ಲಾರ್ಟೆ ಇನ್ನೂ ಹುಡುಗುಪ್ರಾಯದವರು, ಹೊರದೇಶದಲ್ಲಿ ಬೆಳೆದು ಓದಿ ಇತ್ತೀಚೆಗೆ ಬಂದವರು. ಮನುಷ್ಯ ಕೆಟ್ಟವರಲ್ಲ, ಆದರೆ ಸದಾ ಅವಸರ.

"ಬನ್ನಿ ಕೊನಾಡು. ಏನ್ ಸಮಾಚಾರ?"

ನಮ್ಮ ಕಡೆ ಹೀಗೆ ಕೇಳುವುದಕ್ಕೆ ಅಮನ್ನೆ ಎನ್ನುತ್ತಾರೆ. ಯಾರ ಮನೆಗೆ ಹೋದರೂ ಮೊದಲು ನೀರು, ಆಮೇಲೆ ಅಮನ್ನೆ. ಕೇಳಿದಾಗ ಬಂದವರ ಬಾಯಿಂದ ಮೊದಲು ಬರಬೇಕಾದ ಮಾತು "ಕೆಟ್ಟದ್ದೇನೂ ಇಲ್ಲ" ಎಂದು. ಸಾವಿನ ಸುದ್ದಿ ತಂದವರೂ ಹಾಗೆಯೇ ಶುರುಮಾಡುವುದು. ಕೇಳುವವರಿಗೆ ಅದು ಗೊತ್ತು. ತಲೆದೂಗಿ ಸುಮ್ಮನೆ ಕಾಯುತ್ತಾರೆ. ನಿಜವಾದ ಸಮಾಚಾರ ನಿಧಾನಕ್ಕೆ ಹಿಂದಿನಿಂದ ಬರುತ್ತದೆ. ಕೊನಾಡು ಹುಟ್ಟಿದಾಗಿನಿಂದ ಕಂಡದ್ದು ಇದನ್ನೇ. ಎರಡೂ ಕೈ ಜೋಡಿಸಿ ನಿಂತು ಹೇಳಿದಳು:

"ಕೆಟ್ಟದ್ದೇನೂ ಇಲ್ಲ ಸರ್."

"ಓ, ಒಳ್ಳೇದಾಯ್ತು!" ಲಾರ್ಟೆಯವರ ಮುಖ ಅರಳಿತು. "ಬೆಳಗಿಂದ ಎಲ್ಲಾರೂ ಬರೀ ತೊಂದ್ರೆ ಹೊತ್ಕೊಂಡೇ ಬರ್ತಿದಾರೆ. ನಿಮ್ಮಂಥೋರು ನಾಲ್ಕು ಜನ ಇದ್ರೆ ಸಾಕು ನೋಡಿ." ಅಷ್ಟರಲ್ಲಿ ಫೋನು ಬಂತು. ಅವರು ನಗುತ್ತಲೇ ಕೈಯಾಡಿಸಿ ಅವಳನ್ನು ಬೀಳ್ಕೊಟ್ಟರು.

ಕೊನಾಡು ಹೇಳಬೇಕಾದ ಮಾತನ್ನೆಲ್ಲ ಗಂಟಲಲ್ಲೇ ಇಟ್ಟುಕೊಂಡು ಹೊರಗೆ ಬಂದಳು. ಸಂಜೆ ಚುಮಾಸಿಗೆ ಹೇಳಿದಾಗ ಅವರು ಹಣೆ ಹಣೆ ಬಡಿದುಕೊಂಡು ನಕ್ಕರು.

"ಅಯ್ಯೋ ನಿನ್ನ! ಅಜ್ಜನ ಮನೆ ಜಗಲಿ ಅಂದ್ಕೊಂಡ್ಯಾ ಅದನ್ನ? ಆಫೀಸಲ್ಲಿ ಮೊದಲ್ನೇ ಮಾತೇ ಕೊನೇ ಮಾತು ಕಣಮ್ಮ. ಆ ಕಡೆ ಕಾಯೋರು ಯಾರೂ ಇರೋಲ್ಲ."

"ಹಾಗಾದ್ರೆ ಹೆಂಗೆ ಹೇಳ್ಲಿ ಮಾವ?"

ಚುಮಾಸಿ ಹಲಗೆಯ ಮೇಲೆ ಒಂದು ಕಾಯಿಯನ್ನು ಟಪ್ಪನೆ ಇಟ್ಟರು. "ಹೀಗೆ. ಮನೇಲಿ ಯಾರಿಗೆ ಏನು ಅಪಾಯ ಅಂತ ಮೊದ್ಲು. ಅದರ ಹಿಂದೇನೇ ನಿಂಗೇನು ಬೇಕು, ಎಲ್ಲೀವರ್ಗೆ ಬೇಕು ಅಂತ. ಡಾಕ್ಟ್ರ ಚೀಟಿ ಕೈಯಲ್ಲಿರ್ಲಿ. ಆಮೇಲೆ ಅವನು ಕೇಳ್ತಾನೆ, ಕರೆಂಟ್ ಹೋದ್ರೆ? ಹುಂಜ ಕೂಗಿದ್ರೆ? ಅಂತ. ಅವನು ಕೇಳೋದನ್ನ ನೀನು ಮನೇಲೇ ಯೋಚ್ನೆ ಮಾಡ್ಕೊಂಡು ಹೋಗಿರ್ಬೇಕು. ಬೇಡ್ಕೊಳ್ಳೋಕೆ ಹೋಗ್ಬೇಡ. ಕೆಲ್ಸ ಹೆಂಗೆ ನಿಲ್ಲೋಲ್ಲ ಅಂತ ತೋರ್ಸು. ಅಷ್ಟು ಮಾಡಿ ಕಾಯಿಂದ ಕೈ ಎತ್ಕೋ. ಮುಂದಿನ ನಡೆ ಅವನ್ದು."

ಕೊನಾಡು ಆಸ್ಪತ್ರೆಗೆ ಹೋಗಿ ಡಾಕ್ಟರ ಚೀಟಿ ತಂದಳು. ಚೀಟಿ ಕೈಚೀಲದಲ್ಲೇ ಉಳಿಯಿತು. ದಿನವೂ ಮ್ಯಾನೇಜರ ಬಾಗಿಲ ತನಕ ಹೋಗುವುದು, ಅವ್ವನ ಮಾತು ನೆನಪಾಗಿ ಹಿಂದಕ್ಕೆ ಬರುವುದು. ಇತ್ತ ಆಫೀಸಿನಲ್ಲಿ ಒಬ್ಬೊಬ್ಬರೇ ಮಲಗುತ್ತ ಬಂದು, ಕುರ್ಚಿಗಳು ತಾವಾಗಿಯೇ ಖಾಲಿಯಾಗತೊಡಗಿದವು.

ಆ ಗುರುವಾರ ದೂಳು ಎಷ್ಟು ದಟ್ಟವಾಗಿತ್ತೆಂದರೆ ಕೋಣೆಯೊಳಗೂ ಬೆಳಕು ಹಾಲು ಚೆಲ್ಲಿದ ಹಾಗಿತ್ತು. ಕೊನಾಡು ಒಬ್ಬಳೇ ಕೂತಿದ್ದಳು. ಫೋನು ಬಂತು.

"ನಮಸ್ಕಾರ, ಏನು ಕಳೆದಿದೆ ಹೇಳಿ."

ಆ ಕಡೆ ಒಂದು ಸಣ್ಣ ದನಿ.

"ನನ್ನಮ್ಮ ಕಳ್ದೋಗಿದಾಳೆ."

ಅದು ಪೊಕುವಾಳ ದನಿ. ಕಂಪನಿಯ ಬಸ್ಸುಗಳ ಮೇಲೆ ಬರೆದದ್ದನ್ನು ಓದಿ ಓದಿ ಮಗುವಿಗೆ ಆ ನಂಬರು ಬಾಯಿಪಾಠವಾಗಿತ್ತು. ಗೊತ್ತಿದ್ದೂ ಅವಳ ಬಾಯಿ ಅಭ್ಯಾಸಬಲದಿಂದ ಮುಂದಿನ ಪ್ರಶ್ನೆ ಕೇಳಿತು.

"ಕೊನೇ ಸಲ... ಎಲ್ಲಿ ನೋಡಿದ್ದು?"

"ಬಾಗಿಲ ಹತ್ರ. ಕೈ ಬೀಸ್ತಾಳೆ, ಒಳಗೆ ಬರೋಲ್ಲ. ಮುಂಚೆ ಶಿಯಾ ಬೆಣ್ಣೆ ವಾಸ್ನೆ ಇತ್ತು, ಈಗ ಸೋಪಿನ ವಾಸ್ನೆ. ಬೇರೆ ಅಮ್ಮ ಇರ್ಬೇಕು."

"ಏನಾದ್ರೂ ಗುರುತು ಇದ್ಯಾ?"

"ಇದೆ. ನಂಗೆ ನೋವಾದಾಗ ಮಂಡಿ ಮೇಲೆ ಕೈ ಇಟ್ಟು ಚಂದ್ರಂಗೆ ಜೋಗುಳ ಹಾಡ್ತಾಳೆ. ಅವಳೇ ನನ್ನಮ್ಮ." ದನಿ ತಗ್ಗಿತು. "ನೀವು ಅಮ್ಮನ ಥರಾನೇ ಮಾತಾಡ್ತೀರ. ಹುಡ್ಕಿ ಕೊಡ್ತೀರಾ? ಮಂಡೀಲಿ ಒಂದು ಚಂದ್ರ ಎದ್ದಿದೆ."

ಅಷ್ಟರಲ್ಲಿ ಫೋನು ಕೈ ಬದಲಾಯಿತು. ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡ ಬಿರಾಗೊ ಅದನ್ನು ತೆಗೆದುಕೊಂಡಿದ್ದಳು.

"ಕೊನಾಡು."

"ಅವ್ವ, ಜ್ವರ ಇದ್ಯಾ?"

"ಜ್ವರ ಇಲ್ಲ, ನೀರು ಕುಡಿಸ್ತಿದೀನಿ, ಬೆಚ್ಚಗೆ ಹೊದಿಸಿದೀನಿ. ಮೈ ಬಿಸಿಯಾದ್ರೆ ಆ ಕ್ಷಣಾನೇ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ. ಅದಿರ್ಲಿ, ನೀನು ಕೇಳು. ಹೋಗು, ಈಗ್ಲೇ ಹೋಗಿ ಆ ಮ್ಯಾನೇಜರಿಗೆ ಹೇಳು. ರೋಗದ ಹೆಸರೂ ಹೇಳು. ಊರು ಏನಂದ್ರೂ ನಾನು ಉತ್ತರ ಕೊಟ್ಕೋತೀನಿ. ಇನ್ನೊಂದ್ಸಲ ಕೆಟ್ಟದ್ದೇನೂ ಇಲ್ಲ ಅಂದೆ ಅಂದ್ರೆ ನಾನೇ ಅಲ್ಲಿಗೆ ಬರ್ತೀನಿ!"

ಕೊನಾಡು ಹೆಡ್‌ಫೋನ್ ತೆಗೆದಿಟ್ಟಳು. ಚೀಟಿ ಹಿಡಿದು ನೇರ ಒಳಗೆ ಹೋದಳು.

"ಏನ್ ಸಮಾಚಾರ ಕೊನಾಡು?"

"ಕೆಟ್ಟ ಸಮಾಚಾರ ಸರ್."

ಲಾರ್ಟೆ ಪೆನ್ನು ಕೆಳಗಿಟ್ಟು ಕುರ್ಚಿ ತೋರಿಸಿದರು. ಕೊನಾಡು ಕೂತು ಹೇಳಿದಳು. ಮಗಳಿಗೆ ಸಿಕಲ್ ಸೆಲ್ ಇದೆ, ಆಫೀಸಿನ ಕೆಮ್ಮು ಹೋದ ವರ್ಷ ಅವಳನ್ನು ಸಾವಿನ ಬಾಗಿಲಿಗೆ ಒಯ್ದಿತ್ತು, ಹರ್ಮಟಾನ್ ಮುಗಿಯುವ ತನಕ ತನಗೆ ಮನೆಯಿಂದ ಕೆಲಸ ಮಾಡಲು ಬಿಡಬೇಕು. ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಹೋದ ಸಲ ಬಂದಾಗ ಕೆಟ್ಟದ್ದೇನೂ ಇಲ್ಲ ಅಂದ್ರಲ್ಲಾ?"

"ನಮ್ಮ ಕಡೆ ಅದು ಮಾತಿನ ಹೊಸ್ತಿಲು ಸರ್. ನೀವು ಹೊಸ್ತಿಲಲ್ಲೇ ತಿರುಗಿ ಹೋಗ್ಬಿಟ್ರಿ."

ಲಾರ್ಟೆಯವರ ಮುಖ ಕೆಂಪಾಯಿತು. "ಛೆ, ನನ್ನಜ್ಜಿನೂ ಹಾಗೇ ಅಂತಿದ್ರು. ನಂಗೆ ಮರ್ತೇ ಹೋಗಿತ್ತು," ಎಂದರು. ಆಮೇಲೆ ಚುಮಾಸಿ ಹೇಳಿದ ಹಾಗೆಯೇ ಶುರುಮಾಡಿದರು. "ಕರೆಂಟ್ ಹೋದ್ರೆ ಏನ್ಮಾಡ್ತೀರಿ?"

"ಗಂಡ ಲಾರಿ ಬ್ಯಾಟರಿ ಕೊಡ್ತೀನಿ ಅಂದಿದಾರೆ. ಅದೂ ಮುಗಿದ್ರೆ ಪಕ್ಕದ ಬೀದೀಲಿ ಜನರೇಟರ್ ಇರೋ ಹೊಲಿಗೆ ಅಂಗಡಿ ಇದೆ, ಮಾತಾಡಿದೀನಿ."

"ಗಲಾಟೆ? ಪ್ರಯಾಣಿಕರಿಗೆ ಆಡು, ಕೋಳಿ ಎಲ್ಲಾ ಕೇಳಿಸ್ಬಾರ್ದು."

"ಹಿಂದಿನ ಕೋಣೆಗೆ ದಪ್ಪ ಬಟ್ಟೆ ಕಟ್ತೀನಿ. ಆಡು ಇಲ್ಲ. ಹುಂಜ ಪಕ್ಕದ್ಮನೇದು ಸರ್, ಅದರ ಬಗ್ಗೆ ಮಾತು ಕೊಡಲಾರೆ."

ಲಾರ್ಟೆ ಫಕ್ಕನೆ ನಕ್ಕರು. ಆದರೆ ತಕ್ಷಣ ಒಪ್ಪಲಿಲ್ಲ. ಅಕ್ರಾದ ದೊಡ್ಡ ಆಫೀಸನ್ನು ಕೇಳಬೇಕು, ಮೊದಲು ಸ್ವಲ್ಪ ದಿನ ಮಾಡಿ ನೋಡೋಣ, ಪ್ರಯಾಣಿಕರ ದೂರು ಬಂದರೆ ಮತ್ತೆ ಮಾತಾಡೋಣ ಎಂದರು. "ವಿಷಯ ನಿಮ್ಮಲ್ಲೇ ಇರ್ಲಿ ಸರ್," ಎಂದು ಕೊನಾಡು ಕೇಳಿದ್ದಕ್ಕೆ, "ಇರುತ್ತೆ. ಅಕ್ರಾದವರಿಗೂ ಕಾಯಿಲೆ ಹೆಸರು ಬೇಕಾಗಿಲ್ಲ," ಎಂದರು. ಅವಳು ಏಳುವಾಗ, "ಆ ಹೆಡ್‌ಫೋನು... ಎಲ್ರೂ ಒಂದನ್ನೇ ಹಾಕ್ಕೋತೀರಾ?" ಎಂದು ಕೇಳಿದರು. ಅದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

ಒಪ್ಪಿಗೆ ಬಂದದ್ದು ಮರುದಿನ ಸಂಜೆ. ಮನೆಗೆ ತೆಗೆದುಕೊಂಡು ಹೋಗಲು ಹೊಸ ಹೆಡ್‌ಫೋನ್ ಕೊಟ್ಟರು. ಆಫೀಸಿನ ಉಳಿದವರಿಗೂ ಒಬ್ಬೊಬ್ಬರಿಗೆ ಒಂದೊಂದು ಬಂತು.

ಆದರೂ ಕೊನಾಡು ತಕ್ಷಣ ಮಗಳ ಹತ್ತಿರ ಹೋಗಲಿಲ್ಲ. ಕೆಮ್ಮಿನ ಕೋಣೆಯಿಂದ ಬಂದವಳು, ತನಗೂ ಅಂಟಿದೆಯೋ ಏನೋ ಎಂದು ಡಾಕ್ಟರು ಹೇಳಿದಷ್ಟು ದಿನ ಕಾದಳು. ಹಿಂದಿನ ಕೋಣೆಯಿಂದಲೇ ಕೆಲಸ, ಮಾತೆಲ್ಲ ಗೋಡೆಯಾಚೆಯಿಂದ. ಆ ದಿನಗಳು ಹರ್ಮಟಾನಿನ ಮಧ್ಯಾಹ್ನದ ಹಾಗೆ ಸರಿಯಲೊಲ್ಲವು. ಪಕ್ಕದ ಮನೆಯ ಹುಂಜ ಸರಿಯಾಗಿ ಫೋನಿನ ನಡುವೆಯೇ ಕೂಗಿತು. ತಮಾಲೆಯ ಮುದುಕನೊಬ್ಬ, "ನನ್ನ ಟೋಪಿ ಆಮೇಲೆ ಹುಡುಕಮ್ಮ, ಮೊದ್ಲು ಆ ಹುಂಜಕ್ಕೆ ಕಾಳು ಹಾಕು," ಎಂದ. ಮಗಳ ಮಂಡಿಯ ನೋವು ಆಸ್ಪತ್ರೆಗೆ ಸೇರಿಸುವ ಹಾಗಾಗದೆ ಮನೆಯಲ್ಲೇ ಇಳಿಯಿತು.

ಕೊನೆಗೊಂದು ಬೆಳಿಗ್ಗೆ ಕೊನಾಡು ಮೈಗೆಲ್ಲ ಶಿಯಾ ಬೆಣ್ಣೆ ಹಚ್ಚಿಕೊಂಡು ಒಳಗೆ ಬಂದಳು. ಪೊಕುವಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ತಿರುಗಲಿಲ್ಲ, ಮೂಗು ಮಾತ್ರ ಅರಳಿತು. ಕೊನಾಡು ಚಾಪೆಯ ಮೇಲೆ ಕೂತು ಅವಳ ಮಂಡಿಯ ಮೇಲೆ ಕೈಯಿಟ್ಟು ಮೆಲ್ಲಗೆ ಜೋಗುಳ ಹಾಡತೊಡಗಿದಳು. ಹೊರಗೆ ಊರೆಲ್ಲ ಬಿಳಿಯ ದೂಳಿನಲ್ಲಿ ಕರಗಿತ್ತು. ಮನೆಯೊಂದೇ ಅದರ ನಡುವೆ ದೋಣಿಯ ಹಾಗೆ ತೇಲುತ್ತಿತ್ತು.

"ಬಸ್ ಕಂಪನಿಯೋರು ಹುಡ್ಕಿ ಕೊಟ್ರಾ?" ಎಂದು ಮಗು ಗೋಡೆಗೆ ಕೇಳಿತು.

"ಕೊಟ್ರು ಮಗಳೇ."

"ಎಲ್ಲಿ ಸಿಕ್ಕಿದೆ ನೀನು?"

ಬಾಗಿಲಲ್ಲಿ ನಿಂತಿದ್ದ ಬಿರಾಗೊ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು, "ಬಾಯೊಳಗೇ ಇದ್ಲು ಕಣೇ. ಇವಳು ಬಾಯಿ ಬಿಟ್ಟಿರ್ಲಿಲ್ಲ, ನಾನು ಬಿಡೋಕೆ ಬಿಟ್ಟಿರ್ಲಿಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಅಂಥ ಒಂದು ಜೀವ ಇರಬಹುದು. ಸಿಕಲ್ ಸೆಲ್ ಇರುವ ಮಗು, ಬೇರೆಯವರ ಕಿಡ್ನಿ ಹಾಕಿಸಿಕೊಂಡ ಗಂಡ, ಕ್ಯಾನ್ಸರಿನ ಔಷಧಿ ನಡೆಯುತ್ತಿರುವ ತಾಯಿ. ನಿಮಗೆ ಬರೀ ಕೆಮ್ಮಾದದ್ದು ಅವರಿಗೆ ಪ್ರಾಣಕ್ಕೆ ಬರಬಹುದು. ನಿಮ್ಮ ಕೆಲಸ ಮನೆಯಿಂದ ಆಗುವಂಥದ್ದಾದರೆ ಕೇಳಿ. ಕೇಳಿದವರಿಗೆಲ್ಲ ಸಿಗುತ್ತದೆಂದು ನಾವು ಹೇಳುವುದಿಲ್ಲ. ಪೂರಾ ಸಿಗದಿದ್ದರೆ ಬೇರೆ ಪಾಳಿ ಕೇಳಿ, ಗಾಳಿಯಾಡುವ ಜಾಗ ಕೇಳಿ, ನಿಮ್ಮದೇ ಹೆಡ್‌ಫೋನು ಕೇಳಿ. ಅದರಲ್ಲಿ ನಾಚಿಕೆಯಿಲ್ಲ, ಮನೆತನದ ಮಾನ ಹೋಗುವುದಿಲ್ಲ. ಮೇಲಿನವರಾಗಿ ಕುರ್ಚಿಯಲ್ಲಿ ಕೂತಿದ್ದರೆ ನಿಮಗೂ ಒಂದು ಮಾತು. ಬಾಗಿಲಲ್ಲಿ ಒಬ್ಬರು ಕೈಜೋಡಿಸಿ ನಿಂತು "ಕೆಟ್ಟದ್ದೇನೂ ಇಲ್ಲ" ಎಂದರೆ ಒಂದು ಗಳಿಗೆ ಫೋನು ಕೆಳಗಿಟ್ಟು ಕಾಯಿರಿ.

ನಾಳೆ ನಿಮ್ಮನ್ನು ಯಾರಾದರೂ "ಏನ್ ಸಮಾಚಾರ?" ಎಂದು ಕೇಳಿದಾಗ, ಮನೆಯಲ್ಲಿ ನಿಮ್ಮ ಕೈಗಾಗಿ ಕಾದಿರುವ ಆ ಪುಟ್ಟ ಮಂಡಿಯನ್ನು ನೆನೆದುಕೊಳ್ಳಿ. ನಿಜವಾದ ಸಮಾಚಾರವನ್ನು ಮೊದಲ ಮಾತಿನಲ್ಲೇ ಹೇಳಿಬಿಡಿ.